ಕಾಲು ಉಳುಕಿದ್ದು ಅಂಕಣದಲ್ಲಿ, ದಣಿವು ಶುರುವಾದದ್ದು ಓದುವ ಮೇಜಿನಲ್ಲಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ನಮ್ಮಲ್ಲಿಗೆ ಬಂದವರು ಇಪ್ಪತ್ತರ ಹರೆಯದ ಬ್ಯಾಡ್ಮಿಂಟನ್ ಆಟಗಾರ್ತಿ. ಎರಡು ತಿಂಗಳಲ್ಲಿ ಎರಡು ಸಲ ಎಡ ಕಣಕಾಲು ಉಳುಕಿತ್ತು. ಎರಡೂ ಸಲ ಸಂಜೆಯ ಅಭ್ಯಾಸದ ಕೊನೆಯ ಇಪ್ಪತ್ತು ನಿಮಿಷದಲ್ಲೇ, ನೆಟ್ ಬಳಿಯಿಂದ ಹಿಂದಕ್ಕೆ ತಿರುಗುವಾಗ. "ಶಟಲ್ ಕಾಣುತ್ತೆ, ಕಾಲು ತಡವಾಗಿ ಏಳುತ್ತೆ" ಎಂದರು. ಕೋಚ್ ಇದನ್ನು ಸೋಮಾರಿತನ ಎಂದಿದ್ದರು. ರಕ್ತಪರೀಕ್ಷೆಯಲ್ಲಿ ಕಬ್ಬಿಣಾಂಶ, ಥೈರಾಯ್ಡ್ ಸರಿಯಿದ್ದವು, ಮುಟ್ಟೂ ಕ್ರಮವಾಗಿತ್ತು. ಇವನ್ನು ನೋಡದೆ ದಣಿವನ್ನು ಮನಸ್ಸಿನ ಲೆಕ್ಕಕ್ಕೆ ಬರೆಯಬಾರದು.

ಆಕೆಯ ಅಭ್ಯಾಸದ ಡೈರಿ ತೆರೆದಾಗ ಸುಳಿವು ಸಿಕ್ಕಿತು. ಅಭ್ಯಾಸದ ಹೊತ್ತು ಹೆಚ್ಚಿರಲಿಲ್ಲ, ಪರೀಕ್ಷೆಯ ಓದು ಹೆಚ್ಚಿತ್ತು. ಮಧ್ಯಾಹ್ನ ಮೂರು ಗಂಟೆ ಕಾಲ ಲೆಕ್ಕ ಬಿಡಿಸಿ ನೇರ ಅಂಕಣಕ್ಕೆ, ದಾರಿಯುದ್ದಕ್ಕೂ ಕೈಯಲ್ಲಿ ಮೊಬೈಲ್. ಅದೇ ವೇಗದ ಓಟ, ಅದೇ ನಾಡಿಬಡಿತ. ಆದರೆ 10ಕ್ಕೆ 5 ಅನಿಸುತ್ತಿದ್ದ ಶ್ರಮ ಈಗ 7 ಅನಿಸುತ್ತಿತ್ತು.

2009ರಲ್ಲಿ ವ್ಯಾಯಾಮ ವಿಜ್ಞಾನಿ ಮಾರ್ಕೋರಾ ಮತ್ತು ಸಂಗಡಿಗರು 16 ಜನರ ಮೇಲೆ ನಡೆಸಿದ ಪ್ರಯೋಗದಲ್ಲೂ ಕಂಡದ್ದು ಇದೇ. 90 ನಿಮಿಷ ಗಮನ ಹಿಂಡುವ ಕಂಪ್ಯೂಟರ್ ಕೆಲಸ ಮಾಡಿದ ದಿನ ಅವರು ಸೈಕಲ್ ತುಳಿದು ಕೈಚೆಲ್ಲಿದ್ದು ಸರಾಸರಿ 640 ಸೆಕೆಂಡಿಗೆ. ಸಾಕ್ಷ್ಯಚಿತ್ರ ನೋಡಿದ ದಿನ 754ಕ್ಕೆ. ಹೃದಯದಲ್ಲಾಗಲಿ ಸ್ನಾಯುವಿನಲ್ಲಾಗಲಿ ಇದಕ್ಕೆ ಕಾರಣ ಸಿಗಲಿಲ್ಲ. ಶ್ರಮವೇ ಹೆಚ್ಚು ಅನಿಸಿತ್ತು.

ಕೋಚ್ ಎಡವಿದ್ದು ಎಲ್ಲಿ ಅಂದರೆ, ಅವರು ಜಿಗಿತ ಅಳೆದು "ಎಲ್ಲ ಸರಿಯಿದೆ" ಎಂದುಕೊಂಡರು. ಒಂದೇ ಏಟಿನ ಗರಿಷ್ಠ ಬಲಕ್ಕೆ ಮಾನಸಿಕ ದಣಿವು ಹೆಚ್ಚು ತಟ್ಟುವುದಿಲ್ಲ. ಪೆಟ್ಟು ಬೀಳುವುದು ದಮ್ಮು, ನಿಖರತೆ, ನಿರ್ಧಾರದ ವೇಗಕ್ಕೆ. ತಿರುಗುವ ನಿರ್ಧಾರ ತಡವಾದರೆ ಪಾದ ನೆಲ ಮುಟ್ಟುವ ಮೊದಲೇ ಬಿಗಿಯಬೇಕಾದ ಹೊರಬದಿಯ ಸ್ನಾಯುಗಳಿಗೆ ಸಮಯ ಸಾಲದು. ಪಾದ ಒಳಕ್ಕೆ ಮಗುಚುತ್ತದೆ. ಹಾಗೆಂದು ಎಲ್ಲವನ್ನೂ ತಲೆಯ ಮೇಲೆ ಹೊರಿಸುವಂತಿಲ್ಲ: ಒಮ್ಮೆ ಉಳುಕಿದ ಕಣಕಾಲು ಮತ್ತೆ ಉಳುಕುವ ಸಂಭವ ಹೇಗೂ ಹೆಚ್ಚು. ಅದಕ್ಕೇ ಫಿಸಿಯೋ ಹೇಳಿದ ಒಂಟಿಕಾಲಿನ ಸಮತೋಲನದ ವ್ಯಾಯಾಮ ಬಿಡಬೇಡಿ ಎಂದೆವು.

ಉಳಿದ ಸಲಹೆ ಇಷ್ಟು. ಕಠಿಣ ಓದು ಬೆಳಿಗ್ಗೆಗೆ, ಅಭ್ಯಾಸದ ಮುಂಚೆ ಬರೀ ಟಿಪ್ಪಣಿ ತಿರುವಿಹಾಕುವುದು. ಅಂಕಣಕ್ಕೆ ಇಳಿಯುವ ಮುಂಚಿನ ಅರ್ಧ ಗಂಟೆ ಮೊಬೈಲ್ ಚೀಲದಲ್ಲಿ. ಸಾಧ್ಯವಾದರೆ 20 ನಿಮಿಷ ಕಣ್ಣುಮುಚ್ಚಿ ಮಲಗುವುದು. ರಾತ್ರಿ ಎಂಟು ಗಂಟೆ ನಿದ್ದೆ. ಸಂಜೆ ಕಾಫಿ ಕುಡಿದು ದಣಿವು ಮುಚ್ಚಿಕೊಂಡರೆ ಅದರ ಸಾಲವನ್ನು ರಾತ್ರಿಯ ನಿದ್ದೆಯೇ ತೀರಿಸಬೇಕಾಗುತ್ತದೆ.

ಡೈರಿಯಲ್ಲಿ ಎರಡು ಅಂಕ: ಅಭ್ಯಾಸಕ್ಕೆ ಮುಂಚೆ ತಲೆಯ ದಣಿವು 10ಕ್ಕೆ ಎಷ್ಟು, ಮುಗಿದ ಅರ್ಧ ಗಂಟೆಗೆ ಶ್ರಮ ಎಷ್ಟು. ಮನಸ್ಸು ಎರಡು ವಾರ ಬಿಡದೆ ಕುಗ್ಗಿದ್ದರೆ ಡೈರಿ ಸಾಲದು, ವೈದ್ಯರನ್ನು ಕಾಣಬೇಕು.

ಕೊನೆಗೆ ಕೋಚ್ ಜೊತೆ ಕೂತು ಒಂದು ಒಪ್ಪಂದ ಮಾಡಿಕೊಂಡರು. ಆಕೆ "ಇವತ್ತು ತಲೆಯ ದಣಿವು 10ಕ್ಕೆ 7" ಎಂದರೆ ಕಾರಣ ಕೇಳುವಂತಿಲ್ಲ. ಆ ದಿನ, ಶಟಲ್ ಯಾವ ಕಡೆ ಬರುತ್ತದೋ ಗೊತ್ತಿಲ್ಲದ ಡ್ರಿಲ್‌ಗಳನ್ನು ಮೊದಲ ಹದಿನೈದು ನಿಮಿಷದಲ್ಲೇ ಮುಗಿಸಿ, ಉಳಿದ ಹೊತ್ತು ತೂಕ ಎತ್ತುವ ಕೋಣೆಗೆ ಕಳಿಸುವುದು.