ಹಳೆಯ ಕ್ಯಾಮೆರಾ ಲೆನ್ಸಿನಲ್ಲಿ ಕಚ್ಚಿಕೊಂಡ ಫಿಲ್ಟರ್ ಬಿಡಿಸಲು ನನ್ನ ಕೈಗೆ ಬಲ ಸಾಲದು. ಯಾವ ಎಣ್ಣೆ ಒಳ್ಳೆಯದು? ಇಕ್ಕಳ ಹಾಕಲೇ?

ಯಾವ ಎಣ್ಣೆಯೂ ಬೇಡ. ತೀರ್ಥಹಳ್ಳಿಯ ನಮ್ಮ ಮನೆಯ ಬೀರುವಿನಲ್ಲಿ ಮಾವನ ನಿಕಾನ್ ಕಂಪನಿಯ 50 ಎಂಎಂ ನಿಕ್ಕೋರ್ ಲೆನ್ಸ್ ಎಷ್ಟೋ ಮಳೆಗಾಲಗಳನ್ನು ಕಳೆದಿತ್ತು. ಮುಂದೆ ತಿರುಪಿ ಕೂರಿಸಿದ್ದ 52 ಎಂಎಂ ಸ್ಕೈಲೈಟ್ ಫಿಲ್ಟರ್‌ಗೆ, ಅಂದರೆ ಲೋಹದ ಬಳೆಯಲ್ಲಿ ಕೂರಿಸಿದ ಗಾಜಿಗೆ, ಬೂಷ್ಟು ಹಿಡಿದಿತ್ತು, ಅಲುಗಾಡುತ್ತಿರಲಿಲ್ಲ. ಪಂಪ್‌ಸೆಟ್ಟಿನ ಬೋಲ್ಟು ಸಡಿಲಿಸುವ ಸ್ಪ್ರೇ ಕೈಗೆ ಸಿಕ್ಕಿತು. ಸಂದಿಗೆ ಹೊಡೆದು, ಲೆನ್ಸನ್ನು ಮುಖ ಮೇಲೆ ಮಾಡಿ ರಾತ್ರಿಯಿಡೀ ಇಟ್ಟೆ.

ಕೆಟ್ಟದ್ದು ಅಲ್ಲಿಯೇ. ಆ ಎಣ್ಣೆ ನೀರಿಗಿಂತಲೂ ಚೆನ್ನಾಗಿ ಹರಿದು ಒಳಸೇರುತ್ತದೆ. ಅದರ ಗುಣವೇ ಅದು. ಥ್ರೆಡ್ (ತಿರುಪಿನ ಸುತ್ತು) ದಾಟಿ, ಮುಂದಿನ ಗಾಜಿನ ಅಂಚಿನಿಂದ ಇಳಿದು, ಅಪರ್ಚರ್‌ನ, ಅಂದರೆ ಒಳಬರುವ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಕಿಂಡಿಯ, ಎಸಳುಗಳನ್ನು ಮುಟ್ಟಿತು. ಆ ಎಸಳುಗಳು ಒಣಗಿರಲೇಬೇಕು. ಗುಂಡಿ ಒತ್ತಿದ ಕ್ಷಣದಲ್ಲಿ ಸಣ್ಣ ಸ್ಪ್ರಿಂಗ್ ಅವನ್ನು ನಾವು ಇಟ್ಟ ಅಳತೆಗೆ ಮುಚ್ಚಬೇಕು. ಎಣ್ಣೆಯ ಪದರ ಕುಳಿತರೆ ಒಂದಕ್ಕೊಂದು ಅಂಟಿಕೊಂಡು ತಡವಾಗಿ ಮುಚ್ಚುತ್ತವೆ. ವ್ಯೂಫೈಂಡರ್‌ನಲ್ಲಿ ಇದು ಕಾಣುವುದಿಲ್ಲ, ಏಕೆಂದರೆ ನೋಡುವಾಗ ಲೆನ್ಸ್ ಪೂರ್ತಿ ತೆರೆದೇ ಇರುತ್ತದೆ. ಕವಲೇದುರ್ಗದ ಕೋಟೆಯಲ್ಲಿ ಕಿಂಡಿ ಕಿರಿದು ಮಾಡಿ ಎಫ್/8ರಲ್ಲಿ ತೆಗೆದ ಚಿತ್ರಗಳೆಲ್ಲ, ಬೆಳಕು ಹೆಚ್ಚಾಗಿ, ಸುಣ್ಣ ಬಳಿದ ಗೋಡೆಯಂತೆ ಬಂದವು. ಬೆಳಕು ಅಳೆಯುವ ಮೀಟರ್ ಕೆಟ್ಟಿದೆ ಎಂದುಕೊಂಡೆ. ಬಿಚ್ಚಿಸಿ ತೊಳೆಸಿದ ಹಣಕ್ಕೆ ಅಂಥದ್ದೇ ಇನ್ನೊಂದು ಲೆನ್ಸ್ ಬರುತ್ತಿತ್ತು.

ಇಷ್ಟಾದರೂ ಫಿಲ್ಟರ್ ಬಿಡಲಿಲ್ಲ. ತುಕ್ಕು ಹಿಡಿಯಲು ಅದೇನು ಕಬ್ಬಿಣವೇ? ಅಲ್ಯೂಮಿನಿಯಂ ಅಥವಾ ಹಿತ್ತಾಳೆಯ ತೆಳುವಾದ ಬಳೆ. ಎರಡು ಬೆರಳಿನಲ್ಲಿ ಬಿಗಿಯಾಗಿ ಹಿಡಿದರೆ ಸಾಕು, ದುಂಡು ಕಳೆದುಕೊಂಡು ಮೊಟ್ಟೆಯಾಕಾರವಾಗಿ ಥ್ರೆಡ್ಡನ್ನು ಇನ್ನಷ್ಟು ಕಚ್ಚುತ್ತದೆ. ನೀವು ಕೈಗೆ ಬಲ ಸಾಲದು ಎಂದು ಬರೆದಿದ್ದೀರಿ. ನನಗನ್ನಿಸುವುದು, ಬಲ ಹೆಚ್ಚಾಗಿದೆ. ಇಕ್ಕಳದ ಯೋಚನೆಯನ್ನೂ ಬಿಡಿ.

ನನ್ನ ಫಿಲ್ಟರ್ ಕೊನೆಗೆ ಬಿಟ್ಟಿದ್ದು ಹೊಸ ಹವಾಯಿ ಚಪ್ಪಲಿಯ ಅಟ್ಟೆಯ ಮೇಲೆ. ಲೆನ್ಸನ್ನು ಬೋರಲಾಗಿಸಿ, ಬಳೆ ಸುತ್ತಲೂ ರಬ್ಬರ್‌ಗೆ ಸಮವಾಗಿ ತಾಗುವಂತೆ ಮೇಲಿನಿಂದ ನೇರ ಒತ್ತಿ, ಗಡಿಯಾರದ ಮುಳ್ಳಿಗೆ ಎದುರಾಗಿ ನಿಧಾನವಾಗಿ ತಿರುಗಿಸಬೇಕು. ಹಿಡಿಯುವುದು ಫೋಕಸ್ ರಿಂಗನ್ನಲ್ಲ, ಫಿಲ್ಟರ್‌ಗೆ ಹತ್ತಿರದ ಲೋಹದ ಭಾಗವನ್ನು. ಇಲ್ಲವಾದರೆ ಬಲವೆಲ್ಲ ಆ ರಿಂಗ್ ತಿರುಗಿ ನಿಲ್ಲುವ ತಡೆಯ ಮೇಲೆ ಬೀಳುತ್ತದೆ. ಬಳೆ ಹಿತ್ತಾಳೆಯದು, ಲೆನ್ಸಿನ ಮೈ ಅಲ್ಯೂಮಿನಿಯಂ ಆಗಿದ್ದರೆ ಕೈಬಿಸಿಯಷ್ಟು ಬೆಚ್ಚಗೆ ಮಾಡಿ. ಅಲ್ಯೂಮಿನಿಯಂ ಹೆಚ್ಚು ಹಿಗ್ಗಿ ಹಿಡಿತ ಸಡಿಲವಾಗುತ್ತದೆ. ಫ್ರಿಜ್‌ನಲ್ಲಿಟ್ಟು ಬಳೆ ಕುಗ್ಗಿಸುವ ಉಪಾಯವನ್ನು ನಮ್ಮ ಆಷಾಢದಲ್ಲಿ ಮಾಡಬೇಡಿ. ಹೊರತೆಗೆದ ಕೂಡಲೇ ಗಾಜಿನ ಮೇಲೆಲ್ಲ ನೀರು ಕಟ್ಟುತ್ತದೆ, ಬೂಷ್ಟಿಗೆ ಅಷ್ಟೇ ಸಾಕು.

ಬಿದ್ದು ಅಂಚು ನೆಗ್ಗಿದ್ದರೆ ರಬ್ಬರ್ ಕೆಲಸಕ್ಕೆ ಬಾರದು. ಬಳೆಯನ್ನು ಕತ್ತರಿಸಿ ಒಳಕ್ಕೆ ಮಡಚಿ ತೆಗೆಯಬೇಕು, ಅದನ್ನು ಬಲ್ಲವರಿಗೇ ಕೊಡಿ. ಅಂದಹಾಗೆ, ಫಿಲ್ಟರ್ ಗಾಜು ಎರಡು ಕಡೆಯೂ ತಿಳಿಯಾಗಿದ್ದರೆ ತೆಗೆಯುವುದೇಕೆ? ಹಾಗೆಯೇ ಬಿಟ್ಟು ಚಿತ್ರ ತೆಗೆಯಿರಿ.