ಬದನಿಕೆ ಗಿಡ, ಬದನಿಕೆ ಹಕ್ಕಿ: ಕಳ್ಳ ಯಾರು?

ಪ್ರಶ್ನೆ: ನಮ್ಮ ಹಿತ್ತಲಿನ ಮಾವಿನ ಮರಕ್ಕೆ ಬದನಿಕೆ ಹತ್ತಿದೆ. ಅದರ ಹಣ್ಣಿಗೆ ಬೂದು ಬಣ್ಣದ ಪುಟ್ಟ ಹಕ್ಕಿಯೊಂದು ದಿನಾ ಬರುತ್ತದೆ. ಗಿಡ ಮರದ ರಸ ಹೀರುತ್ತದೆ, ಹಕ್ಕಿ ಅದರ ಬೀಜ ಹಂಚುತ್ತದೆ, ಇಬ್ಬರೂ ಕಳ್ಳರೇ ಅನ್ನುತ್ತಾರೆ ನಮ್ಮ ಮಾವ. ಹಕ್ಕಿಯನ್ನು ಓಡಿಸಿದರೆ ಮರ ಉಳಿದೀತೇ?
– ಓದುಗರೊಬ್ಬರು, ಸಾಗರ

ಉತ್ತರ: ನಿಮ್ಮ ಮಾವನವರು ಹೇಳಿದ್ದರಲ್ಲಿ ಅರ್ಧ ನಿಜ. ಗಿಡ ಕಳ್ಳ, ಒಪ್ಪಿದೆ. ಅದೂ ಪೂರಾ ಕಳ್ಳನಲ್ಲ. ಎಲೆ ಹಸಿರಾಗಿದೆ ಅಲ್ವಾ? ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ. ಮರದಿಂದ ಕದಿಯುವುದು ನೀರು, ಲವಣ. ಮಾವಿನ ಕೊಂಬೆ ಸೊರಗಲು ಅಷ್ಟು ಸಾಕು.

ಹಕ್ಕಿಗೆ ಮಾತ್ರ ಆ ಪಟ್ಟ ಕಟ್ಟಲು ನನಗೆ ಮನಸ್ಸಿಲ್ಲ. ಉದ್ದ ಸುಮಾರು 8 ಸೆಂ.ಮೀ., ನಮ್ಮ ದೇಶದ ಅತಿ ಚಿಕ್ಕ ಹಕ್ಕಿಗಳಲ್ಲಿ ಒಂದು. ಬದನಿಕೆಯ ಬಲಿತ ಮೊಗ್ಗಿನ ತುದಿಯನ್ನು ಅದು ಕೊಕ್ಕಿನಿಂದ ಹಿಸುಕಿದರೆ ಹೂ ಪಟ್ಟನೆ ಬಿರಿದು ಪರಾಗ ಮುಖಕ್ಕೆ ಸಿಡಿಯುತ್ತದೆ. ಅದೇ ಮುಖ ಹೊತ್ತು ಮುಂದಿನ ಹೂವಿಗೆ ಹೋಗುತ್ತದೆ.

ಹಣ್ಣಿನದು ಇನ್ನೂ ಮಜಾ. ಬೀಜದ ಸುತ್ತ ಅಂಟು. ನುಂಗಿದ ಬೀಜ ಕೆಲವೇ ನಿಮಿಷಗಳಲ್ಲಿ ಹಿಂದಿನಿಂದ ಬರುತ್ತದೆ, ಆದರೆ ಉದುರುವುದಿಲ್ಲ. ಕೈಗೆ ಎಣ್ಣೆ ಸವರದೆ ಹಲಸು ಬಿಡಿಸಿದವರ ಪಾಡೇ ಪಾಡು! ಪಾಪ, ಹಕ್ಕಿ ಕೊಂಬೆಗೆ ಅಂಡು ಉಜ್ಜುತ್ತದೆ. ಬೀಜ ತೊಗಟೆಗೆ ಅಂಟಿ ಅಲ್ಲೇ ಮೊಳೆಯುತ್ತದೆ. ನೆಲಕ್ಕೆ ಬಿದ್ದಿದ್ದರೆ ಅದರ ಕಥೆ ಮುಗಿಯುತ್ತಿತ್ತು.

ಹಾಗಾಗಿ ಇಬ್ಬರಲ್ಲಿ ಹೆಚ್ಚು ಹಂಗಿನಲ್ಲಿರುವುದು ಗಿಡವೇ. ಹಕ್ಕಿಗೆ ಗಸಗಸೆ ಮರದ ಹಣ್ಣಿದೆ, ಜೇಡವಿದೆ, ಸಣ್ಣಪುಟ್ಟ ಹುಳುಗಳಿವೆ. ಬದನಿಕೆ ಕಡಿಮೆಯಿರುವ ಊರಲ್ಲೂ ಹೇಗೋ ಬದುಕೀತು. ಹಕ್ಕಿ ಬರದಿದ್ದರೆ ಗಿಡ ಇನ್ನೊಂದು ಮರ ಸೇರುವುದು ಕಷ್ಟ.

ಹಾಗಂತ ಹಕ್ಕಿಯನ್ನು ಓಡಿಸಲು ಹೊರಡಬೇಡಿ. ನೀವು ಚಪ್ಪಾಳೆ ತಟ್ಟಿ ಒಳಗೆ ಹೋಗುವಷ್ಟರಲ್ಲಿ ಅದು ಚಿಕ್ ಚಿಕ್ ಅನ್ನುತ್ತ ವಾಪಸ್ ಬಂದಿರುತ್ತದೆ. ಗಿಡವನ್ನು ಸುಮ್ನೆ ಕಿತ್ತರೂ ಆಗದು, ಒಳಗೆ ಉಳಿದ ಬೇರು ಮತ್ತೆ ಚಿಗುರುತ್ತದೆ. ಹಣ್ಣಾಗುವ ಮೊದಲೇ, ಅದು ಕಚ್ಚಿಕೊಂಡ ಗಂಟಿನಿಂದ ಒಂದಡಿಯಷ್ಟು ಬುಡದ ಕಡೆಗೆ ಕೊಂಬೆಯನ್ನೇ ಕಡಿಸಿ. ತೊಗಟೆಯ ಮೇಲೆ ಹರಿದ ಬೇರುಗಳಿದ್ದರೆ ಅವುಗಳನ್ನೂ ಸೇರಿಸಿ ತೆಗೆಸಿ. ಬೇಲಿಯಾಚೆಯ ಕಾಡುಮರದ ಬದನಿಕೆಗೆ ಮಾತ್ರ ಕತ್ತಿ ಬೇಡ. ಅದರ ಮಕರಂದಕ್ಕೆ ಸೂರಕ್ಕಿಗಳೂ ಬರುತ್ತವೆ.