ಮೋಡದ ದಿನದ ಬಂಡೆಗಳು ಸಪ್ಪೆಯಾಗುವುದೇಕೆ?

ಪ್ರಶ್ನೆ: ಜುಲೈ ತಿಂಗಳ ಮೋಡ ಕವಿದ ಬೆಳಗಿನಲ್ಲಿ ಕೋಟೆಯ ಬಂಡೆಗಳನ್ನೂ ಜೋಗಿಮಟ್ಟಿಯ ಗುಡ್ಡಸಾಲನ್ನೂ ಇಲ್ಫರ್ಡ್ ಎಫ್‌ಪಿ4 ಪ್ಲಸ್ ಎಂಬ ಕಪ್ಪು-ಬಿಳುಪು ಫಿಲಂನಲ್ಲಿ ತೆಗೆದೆ. ಐಡಿ-11 ಡೆವಲಪರ್‌ಗೆ (ಫಿಲಂನಲ್ಲಿ ಚಿತ್ರ ಮೂಡಿಸುವ ರಾಸಾಯನಿಕ ದ್ರಾವಣಕ್ಕೆ) ಸಮಪಾಲು ನೀರು ಬೆರೆಸಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 11 ನಿಮಿಷ ಡೆವಲಪ್ ಮಾಡಿದೆ. ಚಿತ್ರಗಳೆಲ್ಲ ಬರೀ ಬೂದು. ಮುಂದಿನ ರೋಲ್‌ಗೆ ಒಂದು ಸ್ಟಾಪ್ ಹೆಚ್ಚು ಬೆಳಕು, ಅಂದರೆ ಮೊದಲಿನ ಎರಡರಷ್ಟು ಬೆಳಕು, ಕೊಟ್ಟರೆ ನೆಗೆಟಿವ್ ದಟ್ಟವಾಯಿತೇ ಹೊರತು ಸಪ್ಪೆತನ ಹೋಗಲಿಲ್ಲ. ನಾನು ತಪ್ಪಿದ್ದೆಲ್ಲಿ?
— ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ನೀವು ಅನುಸರಿಸಿದ 11 ನಿಮಿಷ ತಯಾರಕರು ಸೂಚಿಸಿರುವ ಅವಧಿಯೇ, ಆದರೆ ಅದು ನೆರಳು ಬೆಳಕುಗಳು ಸಾಧಾರಣವಾಗಿ ಬೇರ್ಪಟ್ಟಿರುವ ದೃಶ್ಯಕ್ಕೆ ಹೊಂದುವ ಲೆಕ್ಕ. ಬಿಸಿಲಿನಲ್ಲಿ ಬಂಡೆಯ ಮೈಗೂ ಅದರ ಸಂದಿನ ಕತ್ತಲಿಗೂ ಇರುವ ಅಂತರ ಮೋಡ ಕವಿದೊಡನೆ ಕುಗ್ಗುತ್ತದೆ. ಒಂದು ಸ್ಟಾಪ್ ಹೆಚ್ಚಿಸಿದಾಗ ಎರಡೂ ಒಟ್ಟಿಗೆ ಒಂದು ಮೆಟ್ಟಿಲು ಏರುತ್ತವೆ, ನಡುವಿನ ಅಂತರ ಇದ್ದಷ್ಟೇ ಉಳಿಯುತ್ತದೆ. ಆ ಅಂತರವನ್ನು ಹಿಗ್ಗಿಸುವುದು ಡೆವಲಪರ್‌ನ ಕೆಲಸ. ಫಿಲಂನಲ್ಲಿ ಬೆಳಕು ಬಿದ್ದಷ್ಟೂ ನೆಗೆಟಿವ್ ದಟ್ಟವಾಗುತ್ತದೆ; ಕಡಿಮೆ ಬೆಳಕು ಬಿದ್ದ ಭಾಗಗಳು ಮೊದಲ ಕೆಲವು ನಿಮಿಷಗಳಲ್ಲೇ ತಮ್ಮ ದಟ್ಟತೆಯ ಬಹುಪಾಲನ್ನು ಪಡೆದುಬಿಡುತ್ತವೆ. ಹೆಚ್ಚು ಬೆಳಕು ಬಿದ್ದ ಭಾಗಗಳಾದರೋ ಮುಂದೆಯೂ ದಟ್ಟವಾಗುತ್ತ ಹೋಗುತ್ತವೆ. 1940ರ ಸುಮಾರಿಗೆ ಅಮೆರಿಕದ ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ರೂಪಿಸಿದ ಝೋನ್ ಪದ್ಧತಿ ನಿಂತಿರುವುದು ಇದರ ಮೇಲೆಯೇ: ಎಕ್ಸ್‌ಪೋಷರ್‌ಗೆ (ಫಿಲಂಗೆ ಎಷ್ಟು ಬೆಳಕು ಕೊಡಬೇಕೆಂಬುದಕ್ಕೆ) ನೆರಳನ್ನು ನೋಡಬೇಕು, ಡೆವಲಪ್ ಮಾಡುವ ಅವಧಿಗೆ ಬೆಳಕನ್ನು ನೋಡಬೇಕು.

ಆದ್ದರಿಂದ ಮೊದಲು ಬೆಳಕು ಅಳೆಯುವ ಮೀಟರ್‌ನಿಂದ ಎರಡು ಕಡೆ ಅಳೆಯಿರಿ: ವಿವರ ಕಾಣಲೇಬೇಕಾದ ಅತಿ ಕಪ್ಪು ಸಂದು, ವಿವರ ಉಳಿಯಲೇಬೇಕಾದ ಅತಿ ಬೆಳ್ಳಗಿನ ಬಂಡೆ. ಇವುಗಳ ನಡುವೆ ನಾಲ್ಕು ಸ್ಟಾಪ್ ಅಂತರವಿದ್ದರೆ 11 ನಿಮಿಷ ಸಾಕು. ಮೂರೇ ಇದ್ದರೆ ಅವಧಿಯನ್ನು ಕಾಲುಭಾಗ ಹೆಚ್ಚಿಸಿ ಸುಮಾರು 14 ನಿಮಿಷಕ್ಕೆ ಒಯ್ಯಿರಿ. ಎರಡೇ ಸ್ಟಾಪ್ ಇರುವಾಗ ಅವಧಿಯನ್ನು ಇನ್ನೂ ಎಳೆಯುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಗ್ರೇನ್ (ಚಿತ್ರದಲ್ಲಿ ಕಾಣುವ ಕಣಕಣದ ರಚನೆ) ಒರಟಾಗುತ್ತದೆ. 14 ನಿಮಿಷಕ್ಕೇ ನಿಲ್ಲಿಸಿ, ಉಳಿದದ್ದನ್ನು ನೆರಳು ಬೆಳಕುಗಳ ಅಂತರವನ್ನು ಹೆಚ್ಚಿಸಿ ಮುದ್ರಿಸುವ 4ನೇ ಗ್ರೇಡಿನ ಕಾಗದದ ಮೇಲೆ ಸಾಧಿಸಿಕೊಳ್ಳುವುದು ಮೇಲು. ಇನ್ನು ಎಕ್ಸ್‌ಪೋಷರ್: ಸಂದಿಗೆ ಮೀಟರ್ ಎಫ್ 5.6 (ಲೆನ್ಸ್ ಕಿಂಡಿಯ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು) ತೋರಿಸಿದರೆ, ಶಟರ್ ವೇಗ ಬದಲಿಸದೆ ಎಫ್ 11ರಲ್ಲಿ ತೆಗೆಯಿರಿ. ಮೀಟರ್ ತಾನು ಅಳೆದದ್ದನ್ನೆಲ್ಲ ನಡುಬೂದಾಗಿಸಲು ನೋಡುತ್ತದೆ; ನೆರಳು ನೆರಳಾಗಿಯೇ ಉಳಿಯಬೇಕಾದರೆ ಎರಡು ಸ್ಟಾಪ್ ಇಳಿಸಬೇಕು.

ರೋಲ್ ಫಿಲಂನಲ್ಲಿ ಎಲ್ಲ ಚಿತ್ರಗಳಿಗೂ ಒಂದೇ ಅವಧಿ ಸಲ್ಲುವುದರಿಂದ ಮೋಡದ ದಿನಕ್ಕೆಂದೇ ಒಂದು ರೋಲ್ ಮೀಸಲಿಡಿ. ಅದರಲ್ಲೇ ಸುಡುಬಿಸಿಲಿನ ಚಂದ್ರವಳ್ಳಿ ಕೆರೆಯೂ ಸೇರಿಕೊಂಡರೆ ಆ ಚಿತ್ರಗಳ ಬೆಳಕಿನ ಭಾಗಗಳು ಮುದ್ರಿಸಲಾಗದಷ್ಟು ದಟ್ಟವಾಗುತ್ತವೆ.

ನಮ್ಮ ಕಡೆಯ ನಲ್ಲಿ ನೀರು 20 ಡಿಗ್ರಿಗೆ ಇಳಿಯುವುದು ಅಪರೂಪ. ನೀರು ತುಂಬಿದ ಟಬ್‌ನಲ್ಲಿ ಮಂಜುಗಡ್ಡೆ ಹಾಕಿ ಡೆವಲಪರ್ ಬಾಟಲಿಯನ್ನು ಅದರಲ್ಲಿ ತಂಪಾಗಿಸಿ. 24 ಡಿಗ್ರಿಯಲ್ಲೇ ಕೆಲಸ ಮಾಡುವುದಾದರೆ 14 ನಿಮಿಷದ ಬದಲು ಸುಮಾರು 10 ನಿಮಿಷ ಇಡಿ. ಟ್ಯಾಂಕನ್ನು ಪ್ರತಿ ನಿಮಿಷದ ಮೊದಲ 10 ಸೆಕೆಂಡುಗಳಲ್ಲಿ ನಾಲ್ಕು ಬಾರಿ ತಲೆಕೆಳಗು ಮಾಡಿದರೆ ಸಾಕು. ನೀರು ಬೆರೆಸಿದ ಡೆವಲಪರನ್ನು ಎರಡನೇ ರೋಲ್‌ಗೂ ಬಳಸಿದ್ದೀರಾ ಎಂಬುದನ್ನು ನೀವು ತಿಳಿಸಿಲ್ಲ. ಬಳಸಿದ್ದರೆ ಅದರ ಕಸುವು ಕುಂದಿದ್ದೂ ಸಪ್ಪೆತನಕ್ಕೆ ಒಂದು ಕಾರಣ. ಅದನ್ನು ಒಮ್ಮೆ ಬಳಸಿ ಚೆಲ್ಲಬೇಕು.

ಜೋಗಿಮಟ್ಟಿಯ ವಿಚಾರ ಸ್ವಲ್ಪ ಬೇರೆ. ದೂರದ ಗುಡ್ಡಗಳ ಮೇಲಿರುವುದು ತೆಳುನೀಲಿ ಮಸುಕಾದರೆ ಕಿತ್ತಳೆ ಫಿಲ್ಟರ್ ಅದನ್ನು ಬಹಳಷ್ಟು ಕಳೆಯುತ್ತದೆ. ಆಗ ಸುಮಾರು ಎರಡು ಸ್ಟಾಪ್ ಹೆಚ್ಚು ಬೆಳಕು ಕೊಡಬೇಕು. ಮಂಜಾದರೆ ಅದು ಯಾವ ಫಿಲ್ಟರ್‌ಗೂ ಜಗ್ಗುವುದಿಲ್ಲ, ಏಕೆಂದರೆ ಅದರ ನೀರಿನ ಹನಿಗಳು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ತೆರನಾಗಿ ಚದುರಿಸುತ್ತವೆ. ಮಂಜು ಮುಸುಕಿದ ಬೆಟ್ಟವನ್ನು ಮಂಜಿನ ಸಲುವಾಗಿಯೇ ತೆಗೆಯುವುದಾದರೆ 11 ನಿಮಿಷವನ್ನು ಬದಲಿಸಲೇಬೇಡಿ. ಆ ಬೂದು ಅಲ್ಲಿ ಇರಬೇಕಾದದ್ದೇ.